ಅಲುಗದ ತಲೆ

ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ ಹಿರಿಯರು. ದೇವರು ದರ್ಜಿ ಅತ್ತೆಗೆ ಮಾತ್ರ ಅಲ್ಲೊಂದು ಕತ್ತರಿಯನ್ನೇ ಇಟ್ಟು ಕಳಿಸಿದ್ದ. ಊರಿಗೆಲ್ಲ ಅಂಗಿ ಹೊಲಿದ ಮುದುಕಿ ಈಗೀಗ ತನ್ನ ಕತ್ತರಿಯನ್ನು ತಾನೇ ಎಲ್ಲೋ ಇಟ್ಟು ಮರೆತು, ಬಂದವರೆದುರೆಲ್ಲ, "ಈ ಕಳ್ಳಿ ಕದ್ದಿದ್ದಾಳೆ" ಎಂದು ಸೊಸೆಯ ಮಾನ ಹರಾಜು ಹಾಕುತ್ತಿದ್ದಳು.

ಸೊಸೆಗೆ ಇದ್ದದ್ದು ಒಂದೇ ಆಸೆ: ಆಸ್ಪತ್ರೆಯಲ್ಲಿ ತೆಗೆಯಲಿದ್ದ ಮಿದುಳಿನ ಚಿತ್ರದಲ್ಲಿ ಮರೆವಿನ ಕಾಯಿಲೆ ಕಾಣಲಿ. ಕಂಡರೆ ಆ ಮಾತು ಕಾಯಿಲೆಯದು, ಕಾಣದಿದ್ದರೆ ಅತ್ತೆಯದೇ. ಇಂಥದ್ದನ್ನು ಬೇಡಿಕೊಂಡ ಮೇಲೆ ದೇವರ ಮುಂದೆ ತಲೆಯೆತ್ತಲು ಅವಳಿಗೆ ಧೈರ್ಯವಾಗಿರಲಿಲ್ಲ.

ಮಿದುಳಲ್ಲಿ ಮರೆವಿನ ಕಾಯಿಲೆಯ ಪ್ರೋಟೀನ್ ಕೂತ ಕಡೆ ಹೋಗಿ ಅಂಟಿಕೊಳ್ಳುವ ಮದ್ದನ್ನು ನರಕ್ಕೆ ಚುಚ್ಚಿ, ಅದು ಏರುವ ತನಕ ಕೂರಿಸಿ, ಅತ್ತೆಯನ್ನು ಯಂತ್ರದೊಳಗೆ ಮಲಗಿಸಿದರು. ತಲೆ ಅಲುಗಬಾರದು ಎಂದರು. ಅತ್ತೆ ಅಲ್ಲಿಂದಲೇ ಶುರು ಮಾಡಿದಳು.

"ಇದೇನು ಪೆಟ್ಟಿಗೆ? ಬದುಕಿರುವಾಗ್ಲೇ ನನ್ನ ಹೂಳ್ತಿದ್ದಾಳೆ, ಕಳ್ಳಿ."

ಗಾಜಿನ ಈಚೆ ಕೂತ ಸ್ಕ್ಯಾನ್ ಮಾಡುವವನು ಹಣೆ ಚಚ್ಚಿಕೊಂಡ. "ಹೀಗೆ ತಲೆ ಆಡಿಸಿದ್ರೆ ಚಿತ್ರ ಮಸುಕಾಗುತ್ತೆ ಮೇಡಂ. ಮದ್ದಿನ ಶಕ್ತಿ ಬೇರೆ ಇಳೀತಾ ಇದೆ. ಈಗ ಸಿಗದಿದ್ರೆ ಇನ್ನೊಂದು ದಿನ ಮೊದಲಿಂದ ಚುಚ್ಚಬೇಕು."

ಮಗ ಮೈಕಿಗೆ ಬಾಗಿದ. "ಅಮ್ಮಾ, ಸ್ವಲ್ಪ ಸುಮ್ಮನಿರಮ್ಮ."

"ನೀನು ಸುಮ್ಮನಿರೋ, ಹೆಂಡ್ತಿ ಬಾಲ."

ಅತ್ತೆ ಬೈಯುವುದು ಸಣ್ಣ ಸಿಟ್ಟಿಗೆ ಎಂದು ಸೊಸೆಗೆ ಗೊತ್ತಿತ್ತು. ನಿಜವಾಗಿ ಉರಿದರೆ ಅವಳು ಕಲ್ಲಾಗುತ್ತಾಳೆ. ಕರೆದರೆ ಓ ಎನ್ನದೆ, ಕತ್ತು ಹೊರಳಿಸದೆ, ಹೊತ್ತುಗಟ್ಟಲೆ ಹಾಗೇ ಇರುತ್ತಾಳೆ. ಅವಳನ್ನು ಕಲ್ಲು ಮಾಡುವ ಮಾತೊಂದಿತ್ತು. ಆ ಮನೆಯಲ್ಲಿ ಅದನ್ನು ಯಾರೂ ಆಡುತ್ತಿರಲಿಲ್ಲ.

ಗಂಡನನ್ನು ಸರಿಸಿ ಸೊಸೆ ಮೈಕಿನ ಗುಂಡಿ ಒತ್ತಿದಳು. "ಅತ್ತೆ, ನಿಮ್ಮ ಹೊಲಿಗೆ ಯಾವತ್ತೂ ಸೊಟ್ಟಾನೇ. ಜನ ದಾಕ್ಷಿಣ್ಯಕ್ಕೆ ಹಾಕ್ಕೊಂಡ್ರು."

ಒಳಗೆ ಸದ್ದಡಗಿತು. ಆಮೇಲೆ ಕಾಲಿನ ಬೆರಳೂ ಅಲುಗಲಿಲ್ಲ.

"ಏನು ಮಂತ್ರ ಹಾಕಿದ್ರಿ?" ಎಂದ ಸ್ಕ್ಯಾನಿನವನು.

"ಮಂತ್ರ ಅಲ್ಲಪ್ಪ, ವಿಷ."

ಮುಂದಿನ ವಾರ ಮತ್ತೆ ಹೋದಾಗ ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಗಂಡ ಹೆಂಡತಿ ಒಳಗೆ ಹೋದರು. ಡಾಕ್ಟರಮ್ಮ ಪರದೆಯನ್ನು ಇವರ ಕಡೆ ತಿರುಗಿಸಿದಳು.

"ಚಿತ್ರ ಚೆನ್ನಾಗಿ ಬಂದಿದೆ. ಈ ಕೆಂಪು ಇರೋ ಕಡೆಯೆಲ್ಲ ಪ್ರೋಟೀನ್ ಕೂತಿದೆ. ಮರೆವು ಕಾಣೋಕೆ ಎಷ್ಟೋ ಮೊದಲೇ, ಹತ್ತು ಹದಿನೈದು ವರ್ಷದಿಂದ, ಸೇರ್ತಾ ಬಂದಿರುತ್ತೆ ಇದು."

ಗಂಡ ಹೆಂಡತಿಯ ಕಡೆ ನೋಡಿದ. "ನೋಡಿದ್ಯಾ? ಕಳ್ಳಿ ಅಂದಿದ್ದು ಅಮ್ಮ ಅಲ್ಲ, ಕಾಯಿಲೆ."

"ನಮ್ಮ ಮದುವೆಯಾಗಿ ಮೂವತ್ತು ವರ್ಷ," ಎಂದಳು ಅವಳು. "ನಾನು ಬಂದ ವಾರದಲ್ಲೇ ಕಳ್ಳಿ ಅಂದಿದ್ರಲ್ಲ, ಅದು ಯಾರು?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದಳು. "ಅದು ಚಿತ್ರದಲ್ಲಿ ಬರಲ್ಲ."

ಗಂಡ ಗಾಡಿ ತರಲು ಹೋದ. ಬೆಂಚಿನ ಮೇಲಿದ್ದ ಅತ್ತೆ ಸೊಸೆಯ ಕೈಯನ್ನು ಸರಕ್ಕನೆ ಎಳೆದುಕೊಂಡು, ಅಂಗಿಯ ತೋಳಿನ ಹೊಲಿಗೆಯನ್ನು ಉಗುರಿನಿಂದ ಕೆದಕಿದಳು.

"ಇದನ್ನ ಯಾವ ಕುರುಡಿ ಹೊಲಿದಳೇ? ಪೂರಾ ಸೊಟ್ಟ."

ಹೊಲಿದವಳು ಅತ್ತೆಯೇ, ಹೋದ ವರ್ಷ. 'ನೀವೇ' ಎಂಬ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದು ನಿಂತಿತು. ಮೂವತ್ತು ವರ್ಷ ಮಸೆದಿಟ್ಟ ಸಿಟ್ಟೆಲ್ಲ ಅದರಲ್ಲಿತ್ತು. ಆಡಿದ್ದರೆ ಮುದುಕಿ ಅಲ್ಲೇ ಕಲ್ಲಾಗುತ್ತಿದ್ದಳು. ಸೊಸೆ ಅದನ್ನು ಮೀನಿನ ಮುಳ್ಳು ನುಂಗಿದ ಹಾಗೆ ನುಂಗಿಕೊಂಡಳು.

"ಯಾರೋ, ಗೊತ್ತಿಲ್ಲ ಅತ್ತೆ."

"ನಿಂಗೆಲ್ಲಿ ಗೊತ್ತಿರುತ್ತೆ? ಎಲ್ಲಾದ್ರೂ ಕದ್ದಿರ್ತೀಯ."

"ಹೂಂ, ಕದ್ದೆ. ನಡೀರಿ, ಗಾಡಿ ಬಂತು."