ಜೊಯೆಲಳ ಜಡೆ ವೇಷವಲ್ಲ

ಛದ್ಮವೇಷ ಸ್ಪರ್ಧೆ ಅಂದರೆ ಮಕ್ಕಳಿಗಿಂತ ಹೆಚ್ಚಾಗಿ ಅಮ್ಮಂದಿರಿಗೆ ಪರೀಕ್ಷೆ. ನೆದರ್‌ಲ್ಯಾಂಡ್ಸಿನ ಡೀಮೆನ್‌ನಲ್ಲಿ ಕನ್ನಡ ಬಳಗದ ರಾಜ್ಯೋತ್ಸವ ಬಂತೆಂದರೆ ಮೈಥಿಲಿಗೂ ಅದೇ ತಲೆನೋವು. ಹೋದ ವರ್ಷ ವೇದಿಕೆ ತುಂಬ ಕಿತ್ತೂರು ಚೆನ್ನಮ್ಮಂದಿರೇ ಇದ್ದರು, ಕತ್ತಿ ಬೀಸಲೂ ಜಾಗವಿರಲಿಲ್ಲ. ಈ ಸಲ ಬೇರೆ ಏನಾದರೂ ಬೇಕಲ್ಲ ಎಂದು ಯೋಚಿಸುತ್ತಿದ್ದಾಗ ಮಗಳು ಹಿತಾಳೇ ದಾರಿ ತೋರಿಸಿದಳು. "ಅಮ್ಮ, ನಾನು ಜೊಯೆಲ್ ಆಗ್ತೀನಿ."

ಜೊಯೆಲ್ ಕೆಳಗಿನ ಮಹಡಿಯ ಹುಡುಗಿ. ಡಚ್ ಬಾರದೆ ಶಾಲೆಯಲ್ಲಿ ಮೂಲೆ ಹಿಡಿದು ಕೂತಿದ್ದ ಹಿತಾಳನ್ನು ಆಟಕ್ಕೆ ಕರೆದವಳು ಅವಳೊಬ್ಬಳೇ. ಅವಳ ಮನೆಯವರು ದಕ್ಷಿಣ ಅಮೆರಿಕದ ಸುರಿನಾಮ್ ಮೂಲದ ಕಪ್ಪು ಜನ. ತಾಯಿ ಮ್ಯೂರಿಯಲ್ ಭಾನುವಾರ ಮಧ್ಯಾಹ್ನವಿಡೀ ಕೂತು ಮಗಳ ತಲೆಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು.

ಮೈಥಿಲಿ ಆನ್‌ಲೈನ್‌ನಲ್ಲಿ ಅಂಥದೇ ಜಡೆಯ ವಿಗ್ ತರಿಸಿದಳು, ಜತೆಗೆ ಮುಖಕ್ಕೆ ಬಳಿಯುವ ಕಂದು ಬಣ್ಣ. ಒಂದು ಸಂಜೆ ಹಿತಾಳಿಗೆ ಎರಡನ್ನೂ ಹಾಕಿ ನಿಲ್ಲಿಸಿದಾಗ ಗಂಡ ದಿವಾಕರ ಹೊಟ್ಟೆ ಹಿಡಿದು ನಕ್ಕ. ಮೈಥಿಲಿಯೂ ನಕ್ಕಳು. ಆಟಕ್ಕೆಂದು ಬಂದ ಜೊಯೆಲ್ ಬಾಗಿಲಲ್ಲಿ ನಿಂತಿದ್ದನ್ನು ಅವರು ನೋಡಿದ್ದು ಆಮೇಲೆ. ಹುಡುಗಿ ಅಲ್ಲಿಂದಲೇ ಹಿಂದಿರುಗಿದಳು, ಮತ್ತೆ ಆಟಕ್ಕೆ ಬರಲಿಲ್ಲ. ಶಾಲೆಯಲ್ಲೂ ಮಾತಾಡಲಿಲ್ಲ. ಹಿತಾ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು.

ಪಕ್ಕದ ಫ್ಲ್ಯಾಟಿನ ನಿಹಾರಿಕಾ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸಂಶೋಧನೆ ಮಾಡುವವಳು. ಕಾಫಿಗೆ ಬಂದ ಅವಳ ಮುಂದೆ ಮೈಥಿಲಿ ಗೊಣಗಿದಳು. "ಪ್ರೀತಿಯಿಂದ ತಾನೇ ಮಾಡಿದ್ದು? ಅಲ್ಲ ಕಣೇ, ನಾವೇನು ಬಿಳಿಯರಾ? ನಾವೂ ಕಪ್ಪೇ ಅಲ್ವಾ?"

"ಅಕ್ಕ, ನಾವು ಕಪ್ಪು ಅಂತ ನೆನಪಾಗೋದು ತಪ್ಪು ಮಾಡಿದಾಗ ಮಾತ್ರ. ಮಿಕ್ಕ ದಿನ ಬೆಳ್ಳಗಾಗೋ ಕ್ರೀಮ್ ಹಚ್ಕೋತೀವಿ," ಎಂದು ನಿಹಾರಿಕಾ ನಕ್ಕಳು. ಆಮೇಲೆ ನಿಧಾನವಾಗಿ ಹೇಳಿದಳು. "ಪ್ರೀತಿ ಇತ್ತು, ಸರಿ. ಜೊಯೆಲ್ ನೋಡಿದ್ದು ನಗು. ಈ ದೇಶದಲ್ಲಿ ಡಿಸೆಂಬರ್ ಹಬ್ಬಕ್ಕೆ ಎಷ್ಟೋ ವರ್ಷ ಬಿಳಿಯರು ಮುಖಕ್ಕೆ ಕಪ್ಪು ಬಳ್ಕೊಂಡು, ಗುಂಗುರು ವಿಗ್ ಹಾಕ್ಕೊಂಡು ಕುಣಿದ್ರು. ಶಾಲೇಲಿ ಕಪ್ಪು ಮಕ್ಕಳನ್ನ ಆ ವೇಷದ ಹೆಸರಿಟ್ಟು ಆಡ್ಕೊಂಡ್ರು. ಜನ ಹೋರಾಡಿದ್ಮೇಲೆ ಈಗ ಬಹಳ ಕಡೆ ನಿಂತಿದೆ. ನೋವು ಅಷ್ಟು ಬೇಗ ಹೋಗುತ್ತಾ?"

"ಇಲ್ಲಿಯವರು ಸೀರೆ ಉಟ್ರೆ ನಾವು ಖುಷಿ ಪಡ್ತೀವಪ್ಪ."

"ನಾವು ಕರೆದು ಉಡಿಸಿದ್ರೆ ಖುಷಿ. ಅಣಕಿಸೋಕೆ ಉಟ್ರೆ? ಅದಿರಲಿ, ಹಿತಾ ತಲೆಗೆ ಎಣ್ಣೆ ಹಚ್ಚೋದು ಯಾಕೆ ಬಿಟ್ರಿ?"

ಮೈಥಿಲಿ ತಡವರಿಸಿದಳು. ಕ್ಲಾಸಿನಲ್ಲಿ ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆಂದು ಹಿತಾ ಅತ್ತಿದ್ದಳು.

"ಅದೇ ಎಣ್ಣೇನ ಈಗ ಇಲ್ಲಿ ಚಂದದ ಬಾಟಲಿಗೆ ತುಂಬಿ ಮಾರ್ತಾರೆ. ನಮ್ಮ ತಲೇಲಿದ್ರೆ ನಾತ, ಅವರ ತಲೇಲಿದ್ರೆ ಸ್ಟೈಲ್. ಜಡೆ ಕಥೇನೂ ಇದೇ. ಕಪ್ಪು ಹೆಂಗಸರು ಹಾಕ್ಕೊಂಡು ಕೆಲಸಕ್ಕೆ ಹೋದ್ರೆ ನೀಟಾಗಿಲ್ಲ ಅನ್ನಿಸ್ಕೋತಾರೆ, ಬೇರೆಯವರು ಹಾಕ್ಕೊಂಡ್ರೆ ಫ್ಯಾಷನ್. ನಾವು ಸಂಜೆ ವಿಗ್ ತೆಗೆದಿಡ್ತೀವಿ. ಜೊಯೆಲ್ ತನ್ನ ತಲೆ ಎಲ್ಲಿಡ್ತಾಳೆ ಅಕ್ಕ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಮೈಥಿಲಿಗೆ ಚಿಕ್ಕಂದಿನಿಂದ ಗೊತ್ತು. ತಾನೇ ಬೆಕ್ಕಾಗಬಹುದೆಂದು ಮಾತ್ರ ಅವಳು ಎಣಿಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಭಾನುವಾರ ಅವಳು ಹಿತಾಳನ್ನು ಕರೆದುಕೊಂಡು ಕೆಳಗಿಳಿದಳು. ಮ್ಯೂರಿಯಲ್ ಬಾಗಿಲು ತೆಗೆದಳು. ಒಳಗೆ ಜೊಯೆಲ್ ಜಡೆಯೆಲ್ಲ ಬಿಚ್ಚಿಕೊಂಡು ಕೂತಿದ್ದಳು.

"ನಿಮ್ಮ ಮಗಳ ಕೂದಲನ್ನ ವೇಷ ಮಾಡ್ಕೊಂಡು ನಕ್ವಿ. ತಪ್ಪಾಯ್ತು," ಎಂದು ಮೈಥಿಲಿ ಇಂಗ್ಲಿಷಿನಲ್ಲಿ ಹೇಳಿದಳು. ಪ್ರೀತಿಯಿಂದ ಮಾಡಿದ್ದು ಎಂಬ ಮಾತು ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡಳು.

ಮ್ಯೂರಿಯಲ್ ಮಗಳ ಕಡೆ ತಿರುಗಿ ನೋಡಿದಳು. "ನನ್ನಜ್ಜಿ ಹೆಣೆದ ಹಾಗೇ ನಾನು ಹೆಣೀತೀನಿ. ಈಗ ಇವಳು ಜಡೆ ಬೇಡ, ಕೂದಲು ನೇರ ಮಾಡಿಸು ಅಂತಾಳೆ. 'ಹಿತಾ ಮನೇಲಿ ನನ್ನ ತಲೆ ಅಂದ್ರೆ ತಮಾಷೆ' ಅಂತಾಳೆ. ಏನು ಹೇಳಲಿ ನಾನು?"

ಹಿತಾ ಹೋಗಿ ಜೊಯೆಲಳ ಪಕ್ಕ ನೆಲದ ಮೇಲೆ ಕೂತಳು. ತನ್ನ ಅರೆಬರೆ ಡಚ್‌ನಲ್ಲಿ, "ನನಗೆ ನಿನ್ನ ವೇಷ ಬೇಡ, ನೀನು ಬೇಕು" ಎಂದಳು.

ಜೊಯೆಲ್ ಅವಳ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಅಮ್ಮನ ಕಡೆ ಬೆನ್ನು ತಿರುಗಿಸಿ ಕೂತು, "ಹೆಣಿ" ಎಂದಳು. ಮ್ಯೂರಿಯಲ್ ಕಣ್ಣೊರೆಸಿಕೊಂಡು ಬಾಚಣಿಗೆ ಎತ್ತಿಕೊಂಡಳು.

ನೀವೂ ಮಕ್ಕಳನ್ನು ಸ್ಪರ್ಧೆಗೆ ಸಿದ್ಧ ಮಾಡುತ್ತಿದ್ದೀರಿ ಅಲ್ಲವೇ? ಅವರು ರಾಣಿಯಾಗಲಿ, ಟ್ರಾಮ್ ಓಡಿಸುವವರಾಗಲಿ, ಬದನೆಕಾಯಿಯಾಗಲಿ. ಇನ್ನೊಬ್ಬರ ಮೈಬಣ್ಣವನ್ನು, ಕೂದಲನ್ನು ಮಾತ್ರ ವೇಷ ಮಾಡಬೇಡಿ. ಕೇಳದೆ ಯಾರ ಜಡೆಯನ್ನೂ ಮುಟ್ಟಬೇಡಿ. ಇಷ್ಟವಾದರೆ ಚೆನ್ನಾಗಿದೆ ಎನ್ನಿ, ಅವರೇ ಕರೆದು ಹೆಣೆದುಕೊಟ್ಟರೆ ಸಂತೋಷದಿಂದ ಕೂರಿ. ಗೊತ್ತಿಲ್ಲದೆ ತಪ್ಪಾಗಿದ್ದರೆ ಇವತ್ತೇ ಹೋಗಿ ಬಾಗಿಲು ತಟ್ಟಿ. ಕಾರಣ ಹೇಳಬೇಡಿ, ತಪ್ಪಾಯಿತು ಎನ್ನಿ. ನಿಮ್ಮ ಮನೆಗೆ ಆಟಕ್ಕೆ ಬಂದ ಮಗು ನಾಳೆಯೂ ಬರುವಂತಿರಲಿ.