ಆಚೆ ದಡದ ಕಿತ್ತಳೆ ಜಾಕೆಟ್

ಅವಳಿಗೆ ಮದುವೆಯಾಗಿದ್ದು ತಡವಾಗಿ. ಮನೆಯವರೆಲ್ಲ ಗಂಡು ಹುಡುಕಿ ಸುಸ್ತಾಗಿ ಕೈಬಿಟ್ಟ ಮೇಲೆ, ದವಡೆ ಹಿಡಿದುಕೊಂಡು ಹಲ್ಲುನೋವೆಂದು ಬಂದ ಒಬ್ಬ ಕ್ರೇನ್ ಆಪರೇಟರ್‌ನನ್ನು ಅವಳೇ ಮೆಚ್ಚಿ ಕಟ್ಟಿಕೊಂಡಳು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ ಸಹಾಯಕಿ. ದಿನವಿಡೀ ಮುಗಿಲೆತ್ತರದ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣದ ತೊಲೆಗಳನ್ನು ಎತ್ತಿಳಿಸುವ ಮನುಷ್ಯ ಇಷ್ಟುದ್ದದ ಸೂಜಿ ಕಂಡು ಬೆವರಿದ್ದನ್ನು ನೋಡಿ ಅವಳಿಗೆ ಮೊದಲು ನಗು ಬಂದಿತ್ತು, ಉಳಿದದ್ದು ಆಮೇಲೆ.

ಅವನಿಗಿದ್ದ ಹುಚ್ಚು ಒಂದೇ, ನಡೆಯುವುದು. ರಜೆ ಬಂತೆಂದರೆ ಕಾಡು, ಬೆಟ್ಟ, ಕೆರೆ ಎಂದು ಹೊರಟುಬಿಡುತ್ತಿದ್ದ. ಇದು ಅವಳ ಅಕ್ಕನಿಗೆ ಸರಿಬರುತ್ತಿರಲಿಲ್ಲ. ವಾರವೆಲ್ಲ ಆಕಾಶದಲ್ಲಿರುತ್ತಾನೆ, ರಜೆಯಲ್ಲಿ ಬೆಟ್ಟದ ಮೇಲಿರುತ್ತಾನೆ, ಇನ್ನು ನೆಲದ ಮೇಲೆ ನಿನ್ನ ಜೊತೆ ಸಂಸಾರ ಮಾಡುವುದು ಯಾವಾಗ ಎಂದು ಕೇಳುತ್ತಿದ್ದಳು. ಆ ಮಾತಿಗೋ ಏನೋ, ಅವಳೂ ಅವನ ಹಿಂದೆ ಹೊರಡತೊಡಗಿದಳು. ಅವನು ಮುಂದೆ, ಅವಳು ಹಿಂದೆ. ದಾರಿ ನೋಡುವುದು ಅವನ ಪಾಲು, ಅವನ ಬೆನ್ನು ನೋಡುವುದು ಅವಳ ಪಾಲು.

ಅವನ ಕೆಲಸದ ಒಂದು ವಿಷಯ ಮನೆಯೊಳಗೂ ಬಂದಿತ್ತು. ಅಷ್ಟೆತ್ತರಕ್ಕೆ ಕೆಳಗಿನವರ ದನಿ ಕೇಳುವುದಿಲ್ಲ, ಎಲ್ಲವೂ ಕೈಸನ್ನೆಯಲ್ಲೇ. ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು. ಅದರ ಮೇಲೆ ಇನ್ನೊಂದು ಅಂಗೈ ಅಡ್ಡ ಹಿಡಿದರೆ ನಿಧಾನ. ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿದರೆ ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸು. ಬಾಯಿತುಂಬ ಊಟವಿಟ್ಟುಕೊಂಡು ಅವನು ಸ್ಟೌವಿನ ಉರಿ ಎತ್ತಿಸುವುದು, ಇಳಿಸುವುದು ಈ ಸನ್ನೆಗಳಿಂದಲೇ. ಕೊನೆಯ ಸನ್ನೆಗೆ ಮಾತ್ರ ‘ಯಾಕೆ’ ಎಂದು ಯಾರೂ ಕೇಳಬಾರದು, ಮೊದಲು ನಿಲ್ಲಬೇಕು ಎಂದು ಕಲಿಸಿಕೊಟ್ಟಿದ್ದ.

ಆ ದಿನ ಅವರು ಹೋದದ್ದು ಕಾಡಿನ ನಡುವಿನ ಒಂದು ದೊಡ್ಡ ಕೆರೆಗೆ. ಕೋಡಿಯ ಹತ್ತಿರ ಕಾರು ನಿಲ್ಲಿಸಿ, ಎಡದಂಡೆ ಹಿಡಿದು ಕೆರೆಯ ತಲೆಯವರೆಗೆ ನಡೆದು, ಅಲ್ಲಿ ಕೆರೆಗೆ ಬಂದು ಬೀಳುವ ಹಳ್ಳವನ್ನು ಮರದ ಕಾಲುಸೇತುವೆಯಲ್ಲಿ ದಾಟಿ, ಬಲದಂಡೆಯಲ್ಲಿ ಮರಳಿ ಬರುವುದು ಅವನ ಲೆಕ್ಕ. ಹಿಂದಿನ ದಿನದಿಂದಲೂ ಜಿನುಗುತ್ತಿದ್ದ ಮಳೆ ಬಿಟ್ಟಿರಲಿಲ್ಲ. ಇನ್ನೊಂದು ದಿನ ಬರೋಣವೇ ಎಂದು ಅವಳು ಕಾರಿನಿಂದ ಇಳಿಯುವ ಮೊದಲೇ ಕೇಳಿದಳು. ಗೇಟಿನ ಹತ್ತಿರದ ಗುಡಿಸಲಿನಲ್ಲಿದ್ದ ಅರಣ್ಯದ ಕಾವಲುಗಾರನೂ, ಬೆಟ್ಟದ ಮೇಲೆ ಮೋಡ ಕೂತಿದೆ, ಮಧ್ಯಾಹ್ನದ ಮೇಲೆ ಹಳ್ಳ ನಂಬುವ ಹಾಗಿಲ್ಲ ಎಂದ. ಅಷ್ಟರೊಳಗೆ ದಾಟಿಬಿಡುತ್ತೇವೆ ಎಂದು ಗಂಡ ಕಿತ್ತಳೆ ಬಣ್ಣದ ಮಳೆ ಜಾಕೆಟ್ಟಿನ ಟೊಪ್ಪಿ ಎಳೆದುಕೊಂಡು ಹೊರಟ.

ಅಷ್ಟರೊಳಗೆ ದಾಟುತ್ತಿದ್ದರೇನೋ. ಅವಳ ಹೊಸ ಬೂಟು ಹಿಮ್ಮಡಿ ಕಚ್ಚಿತು. ಎರಡು ಸಲ ಕೂತು ಪಟ್ಟಿ ಅಂಟಿಸಬೇಕಾಯಿತು. ಒದ್ದೆ ಕಾಲಿಗೆ ಪಟ್ಟಿ ನಿಲ್ಲಲೊಲ್ಲದು. ಅವನು ತಾಳ್ಮೆಗೆಡದೆ ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟು ಒರೆಸಿಕೊಟ್ಟ. ಹಳ್ಳದ ಬಳಿ ಬರುವಷ್ಟರಲ್ಲಿ ಮಳೆ ಜಿನುಗುವುದು ಬಿಟ್ಟು ಸುರಿಯತೊಡಗಿತ್ತು. ನೀರು ಕೆಂಪಗೆ, ಸೇತುವೆಯ ಹಲಗೆಗೆ ಮೊಳದಷ್ಟು ಕೆಳಗೆ ಓಡುತ್ತಿತ್ತು. ಅದರ ಮೊರೆತದಲ್ಲಿ ಪಕ್ಕದವರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ.

ಅವನು ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ: “ನಾನು ಮೊದಲು ಹೋಗ್ತೀನಿ. ಆ ಕಡೆಯಿಂದ ಕರೆದ ಮೇಲೆ ಬಾ. ಕೆಳಗೆ ನೋಡ್ಬೇಡ, ನನ್ನನ್ನೇ ನೋಡು.”

ಅವನು ದಾಟಿದ. ತಿರುಗಿ ನಿಂತು ಬಾ ಎಂದು ಕೈಯಾಡಿಸಿದ. ಅವಳು ಪಕ್ಕದ ತಂತಿ ಹಿಡಿದು ಸೇತುವೆಯ ಮೇಲೆ ಕಾಲಿಟ್ಟಳು. ಅವಳಿನ್ನೂ ದಡದಿಂದ ಹೆಚ್ಚು ದೂರ ಹೋಗಿರಲಿಲ್ಲ. ಅಷ್ಟರಲ್ಲಿ ಅವನು ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿದ.

ಅವಳು ನಿಂತಳು. ಅವನು ಹಿಂದೆ ಹೋಗು ಎಂದು ತಳ್ಳುವಂತೆ ಕೈಮಾಡಿದ. ಅವಳು ಹಿಂದಕ್ಕೆ ಹಾರಿ ದಡದ ಕೆಸರಿನಲ್ಲಿ ಬಿದ್ದಳು. ಬೇರುಸಮೇತ ಕಿತ್ತುಬಂದ ಮರವೊಂದು ಹಳ್ಳದ ತಿರುವಿನಲ್ಲಿ ಉರುಳಿಬಂದು ಸೇತುವೆಗೆ ಅಪ್ಪಳಿಸಿದ್ದು ಆಗಲೇ. ಹಲಗೆಗಳು ಎದ್ದವು, ತಂತಿ ಬಿಲ್ಲಿನಂತೆ ಬಗ್ಗಿ ಕಿತ್ತುಹೋಯಿತು. ಮರವೂ ಸೇತುವೆಯೂ ಒಟ್ಟಿಗೆ ಕೆರೆಯ ಕಡೆ ಹೋದವು.

ಇಬ್ಬರೂ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿದರು. ಅವನು ಏನೋ ಕೂಗಿದ, ಅವಳಿಗೆ ಬಾಯಿ ಆಡಿದ್ದಷ್ಟೇ ಕಂಡಿತು. ಕೊನೆಗೆ ಕೈಯಲ್ಲೇ ಹೇಳಿದ: ನೀನು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗು, ನಾನು ಈ ದಂಡೆಯಲ್ಲಿ ಬರುತ್ತೇನೆ, ಇಬ್ಬರೂ ಕೋಡಿಯ ಹತ್ತಿರ ಸೇರೋಣ. ಅವಳು ಆಗಲಿ ಎಂದು ತಲೆಯಾಡಿಸಿದಳು. ಊಟ, ಟಾರ್ಚು, ಕಾರಿನ ಕೀಲಿ ಎಲ್ಲ ಅವನ ಚೀಲದಲ್ಲಿದ್ದವು. ಅವಳ ಕೈಯಲ್ಲಿದ್ದದ್ದು ಒಂದು ನೀರಿನ ಬಾಟಲಿ ಮತ್ತು ಆ ಕಾಡಿನಲ್ಲಿ ಸಿಗ್ನಲ್ ಇಲ್ಲದೆ ಸತ್ತಂತಿದ್ದ ಫೋನು.

ಬರುವಾಗ ಅವಳು ದಾರಿಯನ್ನು ನೋಡಿಯೇ ಇರಲಿಲ್ಲ. ಈಗ ಒಬ್ಬಳೇ ನಿಂತಾಗ ಪ್ರತಿ ಮರವೂ ಪಕ್ಕದ ಮರದಂತೆಯೇ ಕಂಡಿತು. ಕೆರೆ ಎಡಗಡೆ ಇತ್ತು ಬರುವಾಗ, ಹಾಗಾದರೆ ಹೋಗುವಾಗ... ಅಷ್ಟು ಸುಲಭದ ಲೆಕ್ಕವೂ ತಲೆಗೆ ಹತ್ತದೆ, ಎರಡು ಸಲ ತಿರುಗಿ ನಿಂತು ಕೈ ಚಾಚಿ ನೋಡಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ದಾರಿಯೇ ಇಲ್ಲ. ನೀರೇರಿ ಕಾಲುದಾರಿಯನ್ನು ನುಂಗಿತ್ತು. ಪೊದೆಗಳ ತುದಿ ಮಾತ್ರ ನೀರಿನ ಮೇಲೆ ಅಲ್ಲಾಡುತ್ತಿತ್ತು. ಕಾಲಿಟ್ಟರೆ ಮೊಣಕಾಲಿನವರೆಗೆ, ಮುಂದಿನ ಹೆಜ್ಜೆಗೆ ತೊಡೆಯವರೆಗೆ. ಅದರಾಚೆ ಇರುವುದು ದಾರಿಯೋ ಕೆರೆಯೋ ತಿಳಿಯದು. ಅವಳಿಗೆ ಈಜು ಬರುತ್ತಿರಲಿಲ್ಲ. ಹಿಂದಕ್ಕೆ ಬಂದು, ಬೇರು, ಕಲ್ಲು, ಸಿಕ್ಕಿದ್ದನ್ನು ಹಿಡಿದು ದಿಬ್ಬ ಹತ್ತಿ ಕಾಡಿನೊಳಗೆ ಸೇರಿದಳು.

ಕಾಡಿನೊಳಗೆ ಬೆಳಕು ಕಡಿಮೆ. ಮಳೆಯ ಸದ್ದಿನ ನಡುವೆ ಆಗಾಗ ಇನ್ನೊಂದು ಸದ್ದು, ಎಲ್ಲೋ ಮೇಲಿನಿಂದ ಕಲ್ಲುಗಳು ಒಂದಕ್ಕೊಂದು ತಾಗಿ ಉರುಳಿ ಸುಮ್ಮನಾಗುವುದು. ಅದು ಬಂದಾಗಲೆಲ್ಲ ಅವಳು ಹತ್ತಿರದ ಮರ ತಬ್ಬಿ ನಿಲ್ಲುತ್ತಿದ್ದಳು. ಅಳು ಬಂದರೂ, ಅತ್ತರೆ ಕಣ್ಣು ಮಂಜಾಗಿ ದಾರಿ ಕಾಣದಲ್ಲ ಎಂದು ನುಂಗಿಕೊಂಡಳು. ಮರಗಳ ಸಂದಿಯಲ್ಲಿ ಕೆರೆ ಕಂಡಾಗ ಆಚೆ ದಡ ಹುಡುಕಿದಳು. ಅಲ್ಲೊಂದು ಕಿತ್ತಳೆ ಚುಕ್ಕೆ. ನಿಧಾನವಾಗಿ, ಆದರೆ ನಿಲ್ಲದೆ ಹೋಗುತ್ತಿತ್ತು.

ಅಷ್ಟೇ ಸಾಕಾಯಿತು. ಅಲ್ಲಿಂದ ಮುಂದೆ ಅವಳು ಆ ಚುಕ್ಕೆಯ ಜೊತೆ ನಡೆದಳು. ಅದು ಮರೆಯಾದರೆ ಹೆಜ್ಜೆ ಬಿರುಸು ಮಾಡುವಳು, ಕಂಡರೆ ಉಸಿರು ಬಿಡುವಳು. ಆಚೆ ದಡದ ಬೆಟ್ಟ ಇನ್ನೂ ಕಡಿದು, ದಾರಿ ನೀರಿನ ಅಂಚಿನಲ್ಲೇ ಇತ್ತು. ಅವನು ಆಗಾಗ ನಿಂತು ಕೈಯೆತ್ತುತ್ತಿದ್ದ. ಅವಳೂ ಎತ್ತುತ್ತಿದ್ದಳು.

ಒಂದು ಕಡೆ ದೊಡ್ಡ ಮರಗಳ ಗುಂಪು ಅಡ್ಡ ಬಂತು. ಅದರೊಳಗಿದ್ದಾಗ ಗುಡುಗಿನಂಥ ಸದ್ದು ಕೇಳಿತು. ಗುಡುಗೆಂದೇ ಅಂದುಕೊಂಡಳು. ಹೊರಗೆ ಬಂದು ನೋಡಿದರೆ ಚುಕ್ಕೆ ಇತ್ತು, ಆದರೆ ನಿಂತಿತ್ತು. ತನಗಾಗಿ ಕಾಯುತ್ತಿದ್ದಾನೆಂದು ಕೈಯೆತ್ತಿದಳು. ಉತ್ತರವಿಲ್ಲ. ಎರಡೂ ಕೈ ಬೀಸಿದಳು. ಇಲ್ಲ. ಇನ್ನಷ್ಟು ಮುಂದೆ ನಡೆದು ಬೇರೆ ಕಡೆಯಿಂದ ನೋಡಿದಳು. ಚುಕ್ಕೆ ಅಲ್ಲೇ, ಗಾಳಿಗೆ ತುಸು ಅಲ್ಲಾಡುತ್ತಿತ್ತು. ಅದರ ಮೇಲಿನ ಬೆಟ್ಟದಲ್ಲಿ, ಬರುವಾಗ ಇರದಿದ್ದ ಒಂದು ಕೆಂಪು ಗಾಯ. ನೋಡುತ್ತಿದ್ದಂತೆ ಮಂಜು ಇಳಿದು ಎಲ್ಲವನ್ನೂ ಮುಚ್ಚಿತು.

ಆಮೇಲೆ ಅವಳು ಹೇಗೆ ನಡೆದಳೋ ಅವಳಿಗೇ ನೆನಪಿಲ್ಲ. ಹಿಮ್ಮಡಿ ಹರಿದು ಕಾಲುಚೀಲ ರಕ್ತವಾದದ್ದು ಸಂಜೆಯವರೆಗೆ ತಿಳಿಯಲಿಲ್ಲ. ತನಗೇನಾದೀತೋ ಎಂಬ ಹೆದರಿಕೆ ಅದರಷ್ಟಕ್ಕೆ ಉದುರಿಹೋಗಿ, ಅದಕ್ಕಿಂತ ತಣ್ಣಗಿನ ಇನ್ನೊಂದು ಹೆದರಿಕೆ ಅದರ ಜಾಗದಲ್ಲಿ ಕೂತಿತ್ತು. ಕೋಡಿಯ ಹತ್ತಿರ ಕಾರು ಒಂದೇ ನಿಂತಿತ್ತು. ಅವನಿರಲಿಲ್ಲ.

ಕಾವಲುಗಾರ ಅವಳನ್ನು ಕಂಡವನೇ ಗುಡಿಸಲಿನಿಂದ ಓಡಿಬಂದ. ಅವಳ ಮಾತು ತೊದಲುತ್ತಿತ್ತು. ಕೇಳಿ ಕೇಳಿ ವಿಷಯ ತಿಳಿದುಕೊಂಡು ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿದ. ರಸ್ತೆಗೆ ಮರ ಬಿದ್ದಿದೆ, ಜನ ಬರುವುದು ತಡ ಎಂದು ಆ ಕಡೆಯಿಂದ ಹೇಳಿದರು.

“ಇಲ್ಲೇ ಇರಮ್ಮ. ಗುಡ್ಡ ಒಂದು ಸಲ ಜಾರಿದ ಜಾಗ ಮತ್ತೆ ಜಾರುತ್ತೆ. ನಿಜ ಹೇಳ್ಬೇಕಂದ್ರೆ ನನಗೂ ಭಯ ಇದೆ,” ಎಂದ ಕಾವಲುಗಾರ.

“ನೀವು ಬರದಿದ್ರೂ ನಾನು ಹೋಗ್ತೀನಿ ಅಣ್ಣ. ಇಲ್ಲಿ ನಿಂತ್ರೆ ನನಗೆ ತಲೆ ಕೆಡುತ್ತೆ.”

ಅವನು ಒಳಗೆ ಹೋಗಿ ಹಗ್ಗವನ್ನೂ ಕಬ್ಬಿಣದ ಹಾರೆಯನ್ನೂ ತಂದ. ಇಬ್ಬರೂ ಕೋಡಿಯ ಮೇಲಿನ ಕಾಂಕ್ರೀಟ್ ಸೇತುವೆ ದಾಟಿ ಬಲದಂಡೆ ಹಿಡಿದರು.

ಜಾಕೆಟ್ ಸಿಕ್ಕಿತು. ಮುಳ್ಳುಪೊದೆಯೊಂದಕ್ಕೆ ಟೊಪ್ಪಿ ಸಿಕ್ಕಿಹಾಕಿಕೊಂಡು, ಒಂದು ತೋಳು ಹರಿದು, ನೇತಾಡುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಅಷ್ಟು ಹೊತ್ತು ತಾನು ಕೈ ಬೀಸಿದ್ದು ಒಂದು ಬಟ್ಟೆಗೆ ಎಂದು ಗೊತ್ತಾದಾಗ ಅವಳು ಅದರ ಹರಿದ ತೋಳನ್ನು ಹಿಡಿದುಕೊಂಡಳು. ಮೇಲಿನಿಂದ ಜಾರಿಬಂದ ಮಣ್ಣು ದಾರಿಯನ್ನು ಅಳಿಸಿ ನೇರ ಕೆರೆಗಿಳಿದಿತ್ತು. ಕಾವಲುಗಾರ ಅವಳ ಭುಜ ಹಿಡಿದು, ನೋಡಬೇಡ ಎಂಬಂತೆ ತಾನು ಮುಂದೆ ಬಗ್ಗಿದ. ಹಾಗೆ ಬಗ್ಗಿದವನು ಅಲ್ಲೇ ನಿಂತ.

ಕೆಳಗೆ, ನೀರಿನಲ್ಲಿ, ಅವನಿದ್ದ. ಎದೆಯವರೆಗೆ ಮುಳುಗಿ, ತಲೆ ಹಿಂದಕ್ಕೆ ಮಾಡಿ ಒಂದು ಬಂಡೆಗೆ ಒರಗಿದ್ದ. ತುಟಿ ನೀಲಿಗಟ್ಟಿತ್ತು. ಮಣ್ಣಿನ ಜೊತೆ ಉರುಳಿದ ಮರದ ದಿಮ್ಮಿಯೊಂದು ಒಂದು ತುದಿ ದಡದ ಮೇಲೆ, ಇನ್ನೊಂದು ತುದಿ ನೀರಿನೊಳಗೆ ಇಟ್ಟು ಅವನ ಬಲಗಾಲನ್ನು ಬಂಡೆಗೆ ಒತ್ತಿ ಹಿಡಿದಿತ್ತು. ಅವಳನ್ನು ಕಂಡು ಅವನು ಬಾಯಿ ತೆರೆದ, ಆದರೆ ಚಳಿಗೆ ಹಲ್ಲು ಕಟಕಟಿಸಿ ದನಿಯೇ ಹೊರಡಲಿಲ್ಲ. ಪಕ್ಕದಲ್ಲೇ ಬೆಟ್ಟದ ನೀರು ಧುಮುಕುವ ಅಬ್ಬರ ಬೇರೆ.

ಅವಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವನಿಗೂ ಕಾವಲುಗಾರನಿಗೂ ನಡುವೆ, ಮಣ್ಣಿನ ಗುಡ್ಡೆಯ ಮೇಲೆ ಇಳಿದು ನಿಂತಳು. ಕಾವಲುಗಾರ ದಿಮ್ಮಿಯಡಿಗೆ ಹಾರೆ ತೂರಿಸಿದ. ಅವನು ನಿಂತ ಜಾಗದಿಂದ ನೀರಿನಲ್ಲಿದ್ದವನು ಕಾಣುತ್ತಿರಲಿಲ್ಲ. ಎಷ್ಟು ಎತ್ತಬೇಕು, ಯಾವಾಗ ನಿಲ್ಲಿಸಬೇಕು ತಿಳಿಯುವಂತಿರಲಿಲ್ಲ. ಆಗ ನೀರಿನಿಂದ ಒಂದು ಕೈ ಮೇಲೆ ಬಂತು. ಬೆರಳು ಮೇಲೆ ಮಾಡಿ ತಿರುಗಿಸಿತು. ಅದರ ಮೇಲೆ ಇನ್ನೊಂದು ಅಂಗೈ ಅಡ್ಡ ಬಂತು.

“ಎತ್ತಿ ಅಣ್ಣ. ನಿಧಾನ, ತುಂಬಾ ನಿಧಾನ,” ಎಂದಳು ಅವಳು.

ದಿಮ್ಮಿ ನರಳಿತು, ಒಂದು ಬೆರಳಿನಷ್ಟು ಎದ್ದಿತು. ಅವಳು ಕಣ್ಣು ಮಿಟುಕಿಸದೆ ಆ ಕೈಗಳನ್ನೇ ನೋಡುತ್ತಿದ್ದಳು. ಸಟ್ಟನೆ ಎರಡೂ ತೋಳುಗಳು ಪಕ್ಕಕ್ಕೆ ಚಾಚಿದವು. ಅವಳು ಕಿರುಚಿದ ದನಿಗೆ ಕಾವಲುಗಾರ ಇದ್ದಲ್ಲೇ ಬಿಗಿಯಾದ. ದಿಮ್ಮಿ ಉರುಳಿ ಗಂಡನ ಎದೆಯ ಕಡೆ ವಾಲುತ್ತಿತ್ತು. ಅವಳು ಕೈಗೆ ಸಿಕ್ಕ ಕಲ್ಲುಗಳನ್ನು ತಬ್ಬಿ ತಂದು ಅದು ಉರುಳದಂತೆ ಸಂದಿಗೆ ತುರುಕಿದಳು. ಒಂದು ಕಲ್ಲು ಜಾರಿ ಅವಳ ಉಗುರು ಕಿತ್ತಿತು. ನೀರು ಅಷ್ಟರಲ್ಲಿ ಅವನ ಭುಜ ಮುಟ್ಟಿತ್ತು. ಕಾವಲುಗಾರ ಹಾರೆಯನ್ನು ತೆಗೆದು ಇನ್ನೊಂದು ಮಗ್ಗುಲಿಗೆ ಹಾಕಿದ.

ಮತ್ತೆ ಬೆರಳು ತಿರುಗಿತು. ಎತ್ತಿ. ಇನ್ನೂ. ಇನ್ನೂ ಸ್ವಲ್ಪ. ಅವನ ಮುಖ ಕಿವುಚಿಕೊಂಡಿತು, ನೀರು ಕಲಕಿತು, ಕೈಗಳು ಮಾಯವಾದವು. ಆ ಗಳಿಗೆಯಲ್ಲಿ ಅವಳ ಕಣ್ಣೆದುರು ಇದ್ದದ್ದು ಬರಿಯ ಕೆಂಪು ನೀರು. ಅವಳು ಹಗ್ಗವನ್ನೂ ಮರೆತು, ಈಜು ಬರದೆಂಬುದನ್ನೂ ಮರೆತು ಅದರೊಳಗೆ ಕೈ ಹಾಕಿದಳು. ಕೂದಲು ಸಿಕ್ಕಿತು. ಆಮೇಲೆ ಕಾಲರು. ಕಾವಲುಗಾರ ಹಾರೆ ಎಸೆದು ಹಗ್ಗ ಎಳೆಯತೊಡಗಿದ.

ರಕ್ಷಣೆಯ ಜನ ಬಂದಾಗ ಮೂವರೂ ಜಾರಿದ ಮಣ್ಣಿನಿಂದ ದೂರದ ಒಂದು ಬಂಡೆಯ ಮರೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಅವಳು ಅವನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಸ್ಟ್ರೆಚರಿನವರು ಬಿಡಿ ಎಂದರೂ ಬಿಡಲಿಲ್ಲ. ಅವರಲ್ಲಿದ್ದ ಒಬ್ಬ ಹೆಂಗಸು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಲೋಹದ ಪಟ್ಟಿ ಹಾಕಿದರು. ವಾರ್ಡಿನಲ್ಲಿ ಅವನು ಎಚ್ಚರಗೊಂಡಾಗ ಬೆಳಗಾಗಿತ್ತು. ಕಿಟಕಿಯ ಹೊರಗೆ ಮಳೆ ಇನ್ನೂ ಇತ್ತು. ಅವಳು ಪರದೆ ಎಳೆದು ಬಂದು ಕೂತಳು. ಅಕ್ಕ ಕಾರಿಡಾರಿನಲ್ಲಿ ಬೈಗುಳ ಸಿದ್ಧಮಾಡಿಕೊಂಡು ಬಂದಿದ್ದವಳು, ತಂಗಿಯ ಗಂಡನ ಮುಖ ನೋಡಿ ಫ್ಲಾಸ್ಕ್ ಇಟ್ಟು ಹೋಗಿದ್ದಳು.

ಅವನು ಹೇಳಿದ: “ನೀರಲ್ಲಿದ್ದಾಗ ನೀನು ಅಲ್ಲಿಗೆ ಬರಬಾರದು ಅಂತ ಬೇಡ್ಕೊಂಡೆ. ಬಂದ್ರೆ ನೀನೂ ಹೋಗ್ತೀಯ ಅಂತ. ಆಮೇಲೆ ಬರಲಿ ಅಂತಲೂ ಬೇಡ್ಕೊಂಡೆ.”

“ಯಾವುದು ಮೊದಲು?”

“ಬರಬಾರದು ಅನ್ನೋದೇ ಮೊದಲು. ನೀರು ಎದೆಗೆ ಬಂದ ಮೇಲೆ ಇನ್ನೊಂದು.”

ಅವಳಿಗೆ ನಗು ಬಂತು. ನಗುತ್ತ ನಗುತ್ತ ಹಿಂದಿನ ದಿನ ನುಂಗಿದ ಅಳುವೆಲ್ಲ ಒಟ್ಟಿಗೇ ಬಂತು. ಪಕ್ಕದ ಹಾಸಿಗೆಯ ಮುದುಕ ಮರ್ಯಾದೆಗೆ ಗೋಡೆಯ ಕಡೆ ತಿರುಗಿಕೊಂಡ. ಗಂಡ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದ.

ಅವನು ಕುಂಟದೆ ನಡೆಯುವಂತಾಗಲು ಮಳೆಗಾಲ ಮುಗಿದು ಬಿಸಿಲೂ ಬರಬೇಕಾಯಿತು. ಕಾಲು ಸರಿಹೋದರೂ ರಾತ್ರಿ ಮಾಡಿನ ಮೇಲೆ ಜೋರಾಗಿ ಮಳೆ ಬಿದ್ದರೆ ಇಬ್ಬರಿಗೂ ಎಚ್ಚರವಾಗುತ್ತಿತ್ತು. ಯಾರೂ ದೀಪ ಹಾಕುತ್ತಿರಲಿಲ್ಲ. ಎದ್ದಿದ್ದೀಯಾ ಎಂದು ಒಬ್ಬರು ಕೇಳುವುದು, ಹೂಂ ಎಂದು ಇನ್ನೊಬ್ಬರು ಅನ್ನುವುದು. ಮಳೆ ನಿಲ್ಲುವವರೆಗೆ ಹಾಗೇ ಮಲಗಿರುತ್ತಿದ್ದರು.