ತಟ್ಟೆ ತೊಳೆದು ಕುಡಿಯುವ ಮುದುಕ

ಹಿಂದೂಪುರದ ಭ್ರಮರಾಂಬಮ್ಮ ಹಿಡಿದ ಪಟ್ಟು ಬಿಡುವ ಪೈಕಿ ಅಲ್ಲವೇ ಅಲ್ಲ. ಸೀರೆ ಚೌಕಾಸಿಗೆ ನಿಂತರೆ ಅಂಗಡಿಯವನೇ ಕೈಮುಗಿದು ಕೊಟ್ಟು ಕಳಿಸುತ್ತಿದ್ದ. ಅಂಥಾಕೆ ಎಂಟು ತಿಂಗಳಿಂದ ಪ್ರತಿ ಸೋಮವಾರ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಊಟ ಹಾಕುವ ಗುಡಿಗಳನ್ನೆಲ್ಲ ಸುತ್ತುತ್ತಿದ್ದಳು. ದೇವರಿಗಾಗಿ ಏನಲ್ಲ, ಕಳೆದುಹೋದ ಗಂಡನಿಗಾಗಿ.

ಗಂಡ ಶಿವಯೋಗಪ್ಪನಿಗೆ ಮರೆವಿನ ಕಾಯಿಲೆ. ದಸರಾ ಮುಗಿದ ಮೇಲೆ ಭ್ರಮರಾಂಬಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಅಷ್ಟು ದಿನ ಅವನನ್ನು ಕಲ್ಯಾಣದುರ್ಗದ ಮಗಳು ಚಂದ್ರಕಲಾ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡಳು. ಕಾರ್ತೀಕದಲ್ಲಿ ಬೆಂಗಳೂರಿನ ಶಿವಾಲಯಗಳನ್ನು ತೋರಿಸಿದರೆ ತಲೆ ತಿಳಿಯಾಗುತ್ತದೆ ಅಂತ ಯಾವ ಪುಣ್ಯಾತ್ಮರು ಹೇಳಿದರೋ! ಕೊನೆಯ ಸೋಮವಾರ ಮುಂಜಾನೆ ಮಗಳು ಅಪ್ಪನನ್ನು ತಂದು ಹಿಂದೂಪುರದ ಸ್ಟೇಷನ್ನಿನಲ್ಲೇ ಅಮ್ಮನಿಗೆ ಒಪ್ಪಿಸಿದಳು. ಗಂಡ ಹೆಂಡತಿ ಇಬ್ಬರದೂ ಉಪವಾಸ. ಮಲ್ಲೇಶ್ವರದ ಗುಡಿ ಮುಂದೆ ಚಪ್ಪಲಿ ಬಿಡೋಕೆ ಅಂತ ಭ್ರಮರಾಂಬಮ್ಮ ಅವನ ಕೈ ಬಿಟ್ಟಳು, ಅಷ್ಟೇ. ತಿರುಗಿ ನೋಡಿದರೆ ಆಸಾಮಿ ಇಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದಾಯಿತು, ಫೋಟೋ ಅಂಟಿಸಿದ್ದಾಯಿತು. ಗಡ್ಡ ಬೆಳೆದ ಮೇಲೆ ಯಾವ ಫೋಟೋ ಏನು ಮಾಡೀತು? ಕೊರಳಲ್ಲಿ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಬೀದಿಯಲ್ಲಿ ಯಾರು ಬಿಟ್ಟಾರು? ಆದರೆ ಒಂದು ಗುರುತನ್ನು ಯಾರೂ ಕೀಳಲಾರರು ಅಂತ ಆಕೆ ನಂಬಿದ್ದಳು. ಪ್ರಸಾದ ಒಂದಗುಳೂ ಹಾಳಾಗಬಾರದು ಅಂತ ಉಂಡ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೇ ಕುಡಿಯುವುದು ಲಿಂಗಾಯತರ ಹಳೇ ಪದ್ಧತಿ. ಹಿಂದೂಪುರದ ತೆಲುಗಿನವರ ಮನೆ ಊಟಕ್ಕೆ ಹೋಗಿ ಶಿವಯೋಗಪ್ಪ ಹಾಗೆ ಕುಡಿದರೆ ಪಂಕ್ತಿಯೆಲ್ಲ ತಿರುಗಿ ನೋಡುತ್ತಿತ್ತು. “ಏಮಣ್ಣಾ, ಇಂಕಾ ಆಕಲಿಗಾ ಉಂದಾ?” ಅಂತ, ಇನ್ನೂ ಹಸಿವಾ ಅನ್ನೋ ಗೇಲಿ ಬೇರೆ.

“ನನ್ನ ಮುಖ ಮರೆತಿರಬೌದು, ಊರು ಮರೆತಿರಬೌದು. ಅರವತ್ತು ವರ್ಷ ಕೈ ಮಾಡಿದ್ದನ್ನ ಕೈ ಮರೀತದಾ?” ಅನ್ನುವಳು. ಗುಡಿಗುಡಿಯಲ್ಲೂ ಬಡಿಸುವವರಿಗೆ ಅದೇ ಗುರುತು ಹೇಳಿ, ಫೋನ್ ನಂಬರ್ ಕೊಟ್ಟು ಬರುವಳು.

ಕೊನೆಗೂ ಫೋನ್ ಬಂತು. ಮಾಗಡಿ ರಸ್ತೆಯ ಒಂದು ಗುಡಿಯಲ್ಲಿ ಬಡಿಸುವ ಗಂಗುಲಮ್ಮ ಮಾಡಿದ್ದು. “ತಟ್ಟೆ ತೊಳ್ದು ಕುಡಿಯೋ ಮುದುಕ ಒಬ್ಬ ಬತ್ತಾವ್ನೆ ಕಣಮ್ಮ. ಬೇಗ ಬನ್ನಿ.” ಭ್ರಮರಾಂಬಮ್ಮ ಇಸ್ತ್ರಿ ಮಾಡಿದ ಪಂಚೆ, ಹೊಸ ಟವಲ್ಲು ಬ್ಯಾಗಿಗೆ ತುಂಬಿದಳು. ಚಂದ್ರಕಲಾನೂ ಜೊತೆಗೆ ಬಂದಳು. ರೈಲಿನಲ್ಲಿ ಅಮ್ಮ ಬಾಯಿ ಮುಚ್ಚಲಿಲ್ಲ, ಮಗಳು ಬಾಯಿ ತೆರೆಯಲಿಲ್ಲ.

ಊಟದ ಹಾಲಿನ ಮೂಲೆಯಲ್ಲಿ ಮುದುಕ ತಟ್ಟೆ ಎತ್ತಿ ನೀರು ಕುಡಿಯುತ್ತಿದ್ದ. ತಟ್ಟೆ ಕೆಳಗಿಳಿಯಿತು. ಬೇರೆ ಯಾರೋ.

“ಯಾಕವ್ವಾ, ಹಂಗ್ಯಾಕ ನೋಡ್ತಿ?” ಅಂದ. ಹಾವೇರಿ ಕಡೆಯವನಂತೆ, ಮಗಳ ಮನೆಗೆ ಬಂದವನು ದಿನಾ ಇಲ್ಲೇ ಉಣ್ಣುತ್ತಾನಂತೆ.

“ಇವ್ರಲ್ವಾ?” ಗಂಗುಲಮ್ಮನಿಗೆ ಪೆಚ್ಚಾಯಿತು. “ಬೇಜಾರ್ ಮಾಡ್ಕೋಬ್ಯಾಡಿ ಕಣಮ್ಮ. ಆ ಕಡೆಯಿಂದ ಬರೋರು ಸುಮಾರು ಜನ ಹಿಂಗೇ ಕುಡೀತಾರೆ.”

ಅಯ್ಯೋ ಶಿವನೇ! ಹಿಂದೂಪುರದಲ್ಲಿ ಊರಿಗೊಬ್ಬನ ಗುರುತು ಆಗಿದ್ದದ್ದು ಇಲ್ಲಿ ಊರೆಲ್ಲರದೂ. ಆದರೂ ಭ್ರಮರಾಂಬಮ್ಮ ಸೋಲಲಿಲ್ಲ. “ಇರಲಿ ಬಿಡು. ಕುಡಿಯೋರನ್ನೆಲ್ಲ ಒಬ್ಬೊಬ್ಬರನ್ನೇ ನೋಡ್ತೀನಿ. ಮುಂದಿನ ಸೋಮವಾರ ಶಿವಗಂಗೆಗೆ ಹೋಯ್ತೀನಿ.”

“ಸಾಕಮ್ಮಾ.” ಚಂದ್ರಕಲಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. “ಅಪ್ಪ ಅದನ್ನ ಬಿಟ್ಬುಟ್ಟಿದ್ರು.”

“ಏನನ್ನ?”

“ನಮ್ಮನೆಗೆ ಬಂದ ವಾರಕ್ಕೇ ಬಿಟ್ಬುಟ್ರು. ತಟ್ಟೇಲೇ ಕೈ ತೊಳ್ಕೊಂಡು ಎದ್ದು ಹೋಗೋರು. ನೀನು ಫೋನಲ್ಲಿ ಕೇಳ್ದಾಗೆಲ್ಲ ನಾನು ಕುಡಿದ್ರು ಅಂತ ಸುಳ್ಳು ಹೇಳ್ತಿದ್ದೆ. ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ರಲ್ಲಮ್ಮಾ, ಅಳಬಾರದು ಅಂದಿದ್ರು ಡಾಕ್ಟ್ರು.”

“ಆಮೇಲೆ ಹೇಳಬೌದಿತ್ತಲ್ಲೇ.”

“ಆಮೇಲೆ ನಿಂಗೆ ಉಳಿದಿದ್ದೇ ಅದೊಂದು ಆಸೆ. ಯಾವ ಬಾಯಲ್ಲಿ ಹೇಳ್ಲಿ?”

ಭ್ರಮರಾಂಬಮ್ಮ ಬೈಯುತ್ತಾಳೆ ಅಂತ ಮಗಳು ತಲೆ ತಗ್ಗಿಸಿ ಕಾದಳು. ಬೈಗುಳ ಬರಲಿಲ್ಲ. ಆಕೆ ಗೋಡೆಗೊರಗಿ ಮಗಳ ಪಕ್ಕದಲ್ಲೇ ಕೂತಳು. ಸಣ್ಣ ದನಿಯಲ್ಲಿ ಮಾತಾಡಿದಳು.

“ಹುಡುಕೋಕೆ ಶುರು ಮಾಡಿದ ಎರಡನೇ ಸೋಮವಾರ ಹಲಸೂರಿನ ಕಡೆ ಒಂದು ಗುಡಿಗೆ ಹೋಗಿದ್ದೆ. ಬಡಿಸೋನು ಹೇಳ್ದ, ‘ಒಬ್ಬ ಅಜ್ಜ ಬತ್ತಾರಮ್ಮ. ತೆಲುಗು ಕನ್ನಡ ಕಲಸಿ ಮಾತಾಡ್ತಾರೆ. ಯಾವ್ದೋ ಬಸ್ಸು ಕೇಳ್ತಾರೆ’ ಅಂತ. ತಟ್ಟೆ ತೊಳ್ದು ಕುಡಿದ್ರಾ ಅಂತ ಕೇಳ್ದೆ. ‘ಇಲ್ಲ, ತಟ್ಟೇಲೇ ಕೈ ತೊಳ್ಕೊಂಡು ಎದ್ದರು. ಈಗಷ್ಟೇ ಹೊರಗೆ ಮೆಟ್ಟಿಲ ಮೇಲೆ ಕೂತವ್ರೆ, ಕರೀಲಾ’ ಅಂದ.”

ಚಂದ್ರಕಲಾ ಅಮ್ಮನ ಕೈ ಹಿಡಿದಳು. “ನೋಡಿದ್ಯಾ ಅಮ್ಮಾ?”

“ರೈಲಿಗೆ ಹೊತ್ತಾಗಿತ್ತು. ಹಂಗಾದ್ರೆ ನಮ್ಮೋರಲ್ಲ ಬಿಡಪ್ಪ ಅಂದೆ. ಇನ್ನೊಂದು ಬಾಗಿಲಲ್ಲಿ ಬಂದ್ಬುಟ್ಟೆ.”